ಕಳೆದ ಸುತ್ತಿಗೆ, ಸಿಕ್ಕ ಮೆಣಸಿನ ಡಬ್ಬಿ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲಿ ಒಂದು ಸಾಧಾರಣ ಸುತ್ತಿಗೆಯೂ ಇದೆ. ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಹಾಕ್ಸನ್ ಎಂಬ ಹಳ್ಳಿಯಲ್ಲಿ ಗೇಣಿ ರೈತನೊಬ್ಬ ಅದನ್ನು ಹೊಲದಲ್ಲಿ ಕಳೆದುಕೊಂಡಿದ್ದ. ಹುಡುಕಿಕೊಡಲು ಬಂದವರು ಗೆಳೆಯ ಎರಿಕ್ ಲಾಸ್. ತೋಟದ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿಯಾದಾಗ ಉಡುಗೊರೆಯಾಗಿ ಬಂದ ಮೆಟಲ್ ಡಿಟೆಕ್ಟರ್ ಅವರ ಬಳಿಯಿತ್ತು.

1992ರ ನವೆಂಬರ್ 16ರಂದು ಆ ಯಂತ್ರ ಜೋರಾಗಿ ಕೂಗಿತು. ಅಗೆದರೆ ಬೆಳ್ಳಿಯ ಚಮಚ, ಚಿನ್ನದ ಒಡವೆ, ನಾಣ್ಯಗಳು. ಒಂದಷ್ಟನ್ನು ಹೊರತೆಗೆದ ಮೇಲೆ ಲಾಸ್ ಅವರಿಗೆ ಇದು ತಮ್ಮ ಕೈಯಲ್ಲಿ ಆಗುವ ಕೆಲಸವಲ್ಲ ಎನ್ನಿಸಿತು. ಅಗೆತ ನಿಲ್ಲಿಸಿ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವ ಹವ್ಯಾಸದ ಬಗ್ಗೆ ಓದುತ್ತ ಹೋದ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಒಂದು ಗಳಿಗೆ. ಕಾಲ ಬುಡದಲ್ಲಿ ಚಿನ್ನ ಹೊಳೆಯುತ್ತಿರುವಾಗ ಗುದ್ದಲಿ ಕೆಳಗಿಡುವುದು ಎಷ್ಟು ಜನರಿಂದ ಸಾಧ್ಯ?

ಮರುದಿನ ಪುರಾತತ್ತ್ವಜ್ಞರು ಬಂದು ಒಂದೇ ದಿನದಲ್ಲಿ, ಗುಟ್ಟು ಬಿಡದೆ, ಉತ್ಖನನ ಮುಗಿಸಿದರು. ಸುಮಾರು 15,000 ನಾಣ್ಯಗಳು, ಅದರಲ್ಲಿ 569 ಚಿನ್ನದವು. 19 ಚಿನ್ನದ ಕಡಗಗಳು. ಅವುಗಳಲ್ಲೊಂದರ ಮೇಲೆ ಜೂಲಿಯಾನಾ ಎಂಬ ಹೆಣ್ಣುಮಗಳ ಹೆಸರು, ಇದನ್ನು ಸುಖವಾಗಿ ತೊಟ್ಟುಕೋ ಎಂಬ ಹಾರೈಕೆ. ಲಾಸ್ ಕೈ ತಡೆದದ್ದರಿಂದ ಚಿನ್ನಕ್ಕಿಂತ ನವಿರಾದ ಸಂಗತಿಗಳೂ ಉಳಿದವು. ಓಕ್ ಮರದ ಪೆಟ್ಟಿಗೆ ಮಣ್ಣಲ್ಲಿ ಮಣ್ಣಾಗಿದ್ದರೂ ಅದರ ಅಳತೆ ತಿಳಿಯಿತು. ಒಳಗೆ ಸಣ್ಣ ಪೆಟ್ಟಿಗೆಗಳಿದ್ದವು, ಅವಕ್ಕೆ ಬೆಳ್ಳಿಯ ಪುಟ್ಟ ಬೀಗಗಳಿದ್ದವು, ಸಾಮಾನುಗಳು ಒಂದಕ್ಕೊಂದು ತಾಗದಂತೆ ನಡುವೆ ಒಣಹುಲ್ಲು ತುರುಕಿದ್ದರು. ಯಾರೋ ಅವಸರವಿಲ್ಲದೆ, ಮತ್ತೆ ಬಂದು ತೆಗೆದುಕೊಳ್ಳುವ ಭರವಸೆಯಿಂದ ಜೋಡಿಸಿಟ್ಟ ಗಂಟು. ಕೊನೆಯ ನಾಣ್ಯಗಳು 407-408ರವು. ಬ್ರಿಟನ್ನಿನಲ್ಲಿ ರೋಮನ್ ಆಳ್ವಿಕೆ ಕಳಚಿಬೀಳುತ್ತಿದ್ದ ಕಾಲ ಅದು. ಇಟ್ಟವರು ಮತ್ತೆ ಬರಲಿಲ್ಲ.

ಆ ರಾಶಿಯಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವೆನಿಸಿದ್ದು ನಾಲ್ಕು ಮೆಣಸಿನ ಡಬ್ಬಿಗಳು. ಅವುಗಳಲ್ಲೊಂದು ಗೇಣಿಗಿಂತ ಚಿಕ್ಕದು. ತಲೆಗೂದಲು ಸಿಂಗರಿಸಿಕೊಂಡು ಕೈಯಲ್ಲಿ ಓಲೆಯ ಸುರುಳಿ ಹಿಡಿದ ಸಿರಿವಂತ ಹೆಂಗಸಿನ ಅರ್ಧ ಆಕೃತಿ. ಮೈಯೆಲ್ಲ ಬೆಳ್ಳಿ, ಅಲ್ಲಲ್ಲಿ ಚಿನ್ನದ ನೀರು. ತಳದಲ್ಲಿ ತಿರುಗುವ ಬಿಲ್ಲೆ. ಒಂದು ಕಡೆ ತಿರುಗಿಸಿದರೆ ಪುಡಿ ತುಂಬುವ ದೊಡ್ಡ ಕಿಂಡಿ, ಇನ್ನೊಂದು ಕಡೆಗೆ ಊಟದ ಮೇಲೆ ಉದುರಿಸುವ ಸಣ್ಣ ರಂಧ್ರಗಳು, ಮತ್ತೊಮ್ಮೆ ತಿರುಗಿಸಿದರೆ ಪೂರ್ತಿ ಬಂದ್. ಅದರೊಳಗೆ ತುಂಬುತ್ತಿದ್ದ ಕರಿಮೆಣಸು ಬೆಳೆಯುತ್ತಿದ್ದುದು ನಮ್ಮ ಪಶ್ಚಿಮಘಟ್ಟದ ಮಳೆಗಾಡಿನಲ್ಲಿ. ಮಲಬಾರಿನ ಬಂದರುಗಳಿಂದ ಹಡಗು ಹತ್ತಿ, ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಮೂಲಕ ರೋಮ್ ಸೇರಿ, ಅಲ್ಲಿಂದ ಚಳಿಯ ಬ್ರಿಟನ್ನಿನ ಊಟದ ಮೇಜಿಗೆ. 408ರಲ್ಲಿ ರೋಮ್ ನಗರವನ್ನು ಮುತ್ತಿದ ಗಾಥರ ದೊರೆ ಅಲಾರಿಕ್ ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆಗೆ 3,000 ಪೌಂಡ್ ಮೆಣಸೂ ಇತ್ತು. ಹಾಕ್ಸನ್ನಿನ ಪೆಟ್ಟಿಗೆ ಮಣ್ಣು ಸೇರಿದ್ದೂ ಆಸುಪಾಸಿನ ವರ್ಷಗಳಲ್ಲೇ.

ಇದನ್ನೆಲ್ಲ ತೋರಿಸಿಕೊಟ್ಟ ಮೆಟಲ್ ಡಿಟೆಕ್ಟರಿನ ಕೆಲಸ ಇಷ್ಟು. ಕೋಲಿನ ತುದಿಯ ಸುರುಳಿಯಲ್ಲಿ ವಿದ್ಯುತ್ ಹರಿದು ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಮಣ್ಣೊಳಗಿನ ಲೋಹದಲ್ಲಿ ಅದು ಸಣ್ಣ ಪ್ರವಾಹವನ್ನೆಬ್ಬಿಸುತ್ತದೆ, ಆ ಪ್ರವಾಹದ ಮರುದನಿ ಹೆಡ್‌ಫೋನಿಗೆ ಬರುತ್ತದೆ. ಕಬ್ಬಿಣದ ಮೊಳೆಗೂ ಬೆಳ್ಳಿಗೂ ದನಿ ಬೇರೆ. ಪಳಗಿದ ಕಿವಿ ಅದನ್ನು ಗುರುತಿಸುತ್ತದೆ. ಒಂಟಿ ನಾಣ್ಯವಾದರೆ ಒಂದು ಗೇಣು ಆಳದವರೆಗೆ ಸಿಕ್ಕೀತು.

ಕಿವಿಯಷ್ಟೇ ಮುಖ್ಯವಾದದ್ದು ಜಾಗದ ಅಂದಾಜು. ಇಂಗ್ಲೆಂಡ್, ಅಮೆರಿಕಗಳಲ್ಲಿ ಹಳೆಯ ಮನೆಗಳ ಅಂಗಳ ಹಿತ್ತಲುಗಳಲ್ಲಿ ಹುಡುಕುವವರು ಮೊದಲು ಹಳೆಯ ನಕಾಶೆ ನೋಡುತ್ತಾರೆ. ತಲಬಾಗಿಲ ಮೆಟ್ಟಿಲಿನ ಪಕ್ಕ, ಬಾವಿಯ ಸುತ್ತ, ಜನ ನೆರಳಿಗೆ ಕೂರುತ್ತಿದ್ದ ದೊಡ್ಡ ಮರದ ಬುಡ. ಬಟ್ಟೆ ಒಣಹಾಕುವ ಹಗ್ಗದ ಕೆಳಗಂತೂ ಬಿಡುವಂತೆಯೇ ಇಲ್ಲ. ಜೇಬಿನಲ್ಲೇ ಉಳಿದ ಚಿಲ್ಲರೆ, ಕಿತ್ತುಬಿದ್ದ ಗುಂಡಿ ಅಲ್ಲಿ ಉದುರಿರುತ್ತವೆ. ಹೀಗೆ ಸಿಗುವ ಒಂದು ಬೆರಳುಟೋಪಿ, ಒಂದು ಬಕಲ್, ಆ ಮನೆಯಲ್ಲಿ ಹೊಲಿಗೆ ಹಾಕಿದವಳನ್ನು, ಕುದುರೆ ಹತ್ತಿದವನನ್ನು ಕಣ್ಣಮುಂದೆ ತರುತ್ತದೆ. ಮನೆಯವರ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡಬಾರದು. ಹುಲ್ಲನ್ನು ಬೇರುಸಮೇತ ಮೂರು ಬದಿ ಕೊಯ್ದು ಮುಚ್ಚಳದಂತೆ ಮಗುಚಿ, ವಸ್ತು ತೆಗೆದು, ಮೊದಲಿನ ಹಾಗೇ ಮುಚ್ಚಬೇಕು.

ಹಾಕ್ಸನ್ ನಿಧಿಗೆ 17.5 ಲಕ್ಷ ಪೌಂಡ್ ಬಹುಮಾನ ಬಂತು. ಲಾಸ್ ಅದನ್ನು ರೈತ ಗೆಳೆಯನೊಡನೆ ಹಂಚಿಕೊಂಡರು. ಹಂಚಬೇಕೆಂಬ ಕಟ್ಟಳೆಯೇನೂ ಆಗ ಇರಲಿಲ್ಲ. ಬ್ರಿಟನ್ 1996ರಲ್ಲಿ ಹೊಸ ನಿಧಿ ಕಾಯ್ದೆ ತಂದಿತು. ನಿಧಿ ಸಿಕ್ಕಿತೆಂದು ಗೊತ್ತಾದ 14 ದಿನಗಳೊಳಗೆ ತಿಳಿಸಬೇಕು, ಮ್ಯೂಸಿಯಂ ಕೊಂಡರೆ ಬೆಲೆ ಕೊಡಬೇಕು. 1997ರಲ್ಲಿ ಅದರ ಜೊತೆಗೇ ಶುರುವಾದದ್ದು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್. ನಿಧಿ ಎನ್ನಿಸಿಕೊಳ್ಳದ ಒಂಟಿ ನಾಣ್ಯ, ಮುರುಕು ಪಿನ್ನುಗಳನ್ನೂ ಜನ ತಾವಾಗಿ ತಂದು ತೋರಿಸುತ್ತಾರೆ. ಅಧಿಕಾರಿ ಚಿತ್ರ ತೆಗೆದು, ತೂಕ ಹಾಕಿ, ಸಿಕ್ಕ ಜಾಗ ಬರೆದುಕೊಂಡು ವಾಪಸು ಕೊಡುತ್ತಾರೆ. ಹೀಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ.

ಅಲ್ಲೂ ಎಲ್ಲರೂ ಲಾಸ್ ಅಲ್ಲ. ರಾತ್ರಿ ಹೊತ್ತು ಕದ್ದು ಅಗೆಯುವವರಿದ್ದಾರೆ. 2015ರಲ್ಲಿ ಲೆಮ್‌ಸ್ಟರ್ ಊರಿನ ಬಳಿ ಇಬ್ಬರಿಗೆ ವೈಕಿಂಗ್ ಕಾಲದ ನಾಣ್ಯ, ಒಡವೆಗಳು ಸಿಕ್ಕವು, ಹೇಳದೆ ಮಾರಿಕೊಂಡರು. ಸುಮಾರು 300 ನಾಣ್ಯಗಳಿದ್ದವೆಂಬ ಅಂದಾಜು, ವಿಚಾರಣೆಯ ಹೊತ್ತಿಗೆ ದಕ್ಕಿದ್ದು 31. ಇಬ್ಬರೂ ಜೈಲಿಗೆ ಹೋದರು. ಉಳಿದ ನಾಣ್ಯಗಳ ಜೊತೆ ಆ ಕಾಲದ ಚರಿತ್ರೆಯ ಒಂದು ಪುಟವೂ ಹೋಯಿತು.

ಮೆಣಸಿಗೆ ಬದಲಾಗಿ ಬಂದ ರೋಮಿನ ಬೆಳ್ಳಿ ನಮ್ಮ ಮಣ್ಣಿನಲ್ಲೂ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿದೆ, 1891ರಲ್ಲಿ ಯಶವಂತಪುರದ ಬಳಿ ರೈಲ್ವೆ ಕೆಲಸದ ಅಗೆತದಲ್ಲೂ ಸಿಕ್ಕಿತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾಯ್ದೆ ಬಂದಿತ್ತು. ಆದರೆ ನಮ್ಮ ಹಳ್ಳಿಯವರಿಗೆ ನಿಧಿ ಎಂದರೆ ಪೊಲೀಸು, ಕೋರ್ಟು, ಊರವರ ಕಣ್ಣು. ಇನ್ನೊಂದು ಕಡೆ, ನಿಧಿಯಾಸೆಗೆ ಹಾಳುಗುಡಿಯ ನಂದಿಯನ್ನು ಒಡೆಯುವವರು. ಪಾಯ ತೋಡುವಾಗ ಒಂದು ಬಿಲ್ಲೆ ಸಿಕ್ಕ ಬಡವ ಅದನ್ನು ಯಾರಿಗೂ ಹೇಳದೆ ಅಕ್ಕಸಾಲಿಗನ ಬಳಿ ಒಯ್ದರೆ ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ತೂಕ ಹಾಕಿ, ಎಲ್ಲಿ ಸಿಕ್ಕಿತಪ್ಪ ಎಂದು ಕೇಳಿ, ಬರೆದುಕೊಂಡು, ಹೆದರಿಸದೆ ಕಳಿಸುವ ಒಬ್ಬರು ತಾಲ್ಲೂಕಿಗೊಬ್ಬರಂತೆ ಇದ್ದಿದ್ದರೆ ಅವನು ಮೊದಲು ಅಲ್ಲಿಗೆ ಹೋಗುತ್ತಿದ್ದನೇನೋ.