ರಾಸಿನ ರೋಗ ಮುಚ್ಚಿಡಬೇಡಿ: 2009ರ ಕಾಯ್ದೆ ಏನು ಹೇಳುತ್ತದೆ?



ಹಸು ಜೊಲ್ಲು ಸುರಿಸುತ್ತಾ ಮೇವು ಬಿಟ್ಟಾಗ, ‘ಡಾಕ್ಟರಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ’ ಎಂದು ಎಷ್ಟೋ ತಾಯಂದಿರು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಪಕ್ಕದ ಕೊಟ್ಟಿಗೆಗೂ ರೋಗ ಹೋಗಿರುತ್ತದೆ. ಪ್ರಾಣಿಗಳಲ್ಲಿ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಹಾಗೂ ನಿಯಂತ್ರಣ ಕಾಯ್ದೆ, 2009 ಬಂದದ್ದು ಇಂಥ ರೋಗಗಳನ್ನು ತಡೆಯಲು, ನಿಯಂತ್ರಿಸಲು, ನಿರ್ಮೂಲನೆ ಮಾಡಲು. ಕಾಲುಬಾಯಿ ಜ್ವರ, ಗಳಲೆ ರೋಗ, ನೆರಡಿ, ಕಂದು ರೋಗ, ಚರ್ಮಗಂಟು ರೋಗ ಇದರ ಪಟ್ಟಿಯಲ್ಲಿವೆ.

ಕಾಯ್ದೆಯ ಪ್ರಕಾರ ನೀವು ಮಾಡಬೇಕಾದದ್ದು:

1. ಅನುಮಾನ ಬಂದ ಕೂಡಲೇ ಗ್ರಾಮ ಪಂಚಾಯಿತಿಗೆ ತಿಳಿಸಿ. ಅವರು ಹತ್ತಿರದ ಪಶುವೈದ್ಯರಿಗೆ ಬರವಣಿಗೆಯಲ್ಲಿ ತಿಳಿಸುತ್ತಾರೆ. ನೀವೂ ನಮಗೊಂದು ಫೋನ್ ಮಾಡಿ. ರೋಗ ಖಚಿತವಾಗಲಿ ಎಂದು ಕಾಯಬೇಡಿ.

2. ಕಾಯಿಲೆಯ ರಾಸನ್ನು ಬೇರೆ ಕಟ್ಟಿ. ಗೋಮಾಳಕ್ಕೆ ಬಿಡಬೇಡಿ. ಕೆರೆಯಲ್ಲಾಗಲಿ, ಊರ ತೊಟ್ಟಿಯಲ್ಲಾಗಲಿ ನೀರು ಕುಡಿಸಬೇಡಿ.

3. ಸಂತೆಗೆ, ಜಾತ್ರೆಗೆ ಹೊಡೆದುಕೊಂಡು ಹೋಗಬೇಡಿ. ಸಿಕ್ಕಷ್ಟಕ್ಕೆ ಮಾರಿದರೆ ರೋಗವನ್ನು ಇನ್ನೊಬ್ಬ ಅಕ್ಕನ ಮನೆಗೆ ಕಳಿಸಿದಂತೆ.

4. ಸತ್ತ ರಾಸನ್ನು ಕೆರೆ, ಕಾಲುವೆಗೆ ಹಾಕಬೇಡಿ.

5. ಸರ್ಕಾರ ನಿಮ್ಮ ಊರನ್ನು ‘ನಿಯಂತ್ರಿತ ಪ್ರದೇಶ’ ಎಂದು ಘೋಷಿಸಿದರೆ ಲಸಿಕೆ ಕಡ್ಡಾಯ. ಗಬ್ಬದ ಹಸು, ಹಾಲು ಇಳಿಯುತ್ತದೆ ಎಂದು ತಪ್ಪಿಸುವ ಮೊದಲು ನಮ್ಮನ್ನು ಕೇಳಿ. ಕಿವಿಯೋಲೆ ತೆಗೆಯಬೇಡಿ, ಲಸಿಕೆ ಪ್ರಮಾಣಪತ್ರವನ್ನು ಪಾಸ್‌ಬುಕ್ ಜೊತೆ ಜೋಪಾನವಾಗಿಡಿ.

ಕಾಯ್ದೆ ಮೀರಿದರೆ ದಂಡವಿದೆ. ಆದರೆ ರಾಸಿಗೆ ರೋಗ ಬಂದದ್ದಕ್ಕೆ ಯಾರೂ ನಿಮ್ಮನ್ನು ದಂಡಿಸುವುದಿಲ್ಲ. ಬೇಗ ತಿಳಿಸಿದರೆ ನಿಮ್ಮ ಹಸುವಿಗೆ ಚಿಕಿತ್ಸೆ ಬೇಗ ಸಿಗುತ್ತದೆ, ಊರಿನ ಉಳಿದ ರಾಸುಗಳನ್ನೂ ಉಳಿಸಿಕೊಳ್ಳಬಹುದು.