ಹಳೆಯ ಛಾಯಾಚಿತ್ರದಿಂದ ಲಾರಿಯ ಗುರುತಿಸುವಿಕೆ

ಹಳೆಯ ಛಾಯಾಚಿತ್ರದಲ್ಲಿರುವ ಲಾರಿಯ ತಯಾರಕರು, ಶ್ರೇಣಿ ಮತ್ತು ಕಾಲವನ್ನು ನಿರ್ಧರಿಸುವುದು ಅದರ ಕಿರುಮಾದರಿ ತಯಾರಿಕೆಯ ಮೊದಲ ಹಂತವಾಗಿದೆ. ಈ ಹಂತದಲ್ಲಿ ತಪ್ಪಿದರೆ ಮಾದರಿಯ ಎಲ್ಲ ಅಳತೆಗಳೂ ತಪ್ಪುತ್ತವೆ. ಬ್ರಿಟನ್ನಿನ ವಾಕ್ಸ್‌ಹಾಲ್ ಮೋಟರ್ಸ್ 1939ರಲ್ಲಿ ಪರಿಚಯಿಸಿದ ಬೆಡ್‌ಫರ್ಡ್ 'ಒ' ಶ್ರೇಣಿಯ ಲಾರಿ ಇದಕ್ಕೊಂದು ಉದಾಹರಣೆ.

ಮುಂಭಾಗ

ನಾಗರಿಕ ಬಳಕೆಯ 'ಒ' ಲಾರಿಗಳ ಬಾನೆಟ್ ಮತ್ತು ಗ್ರಿಲ್ ದುಂಡಾಗಿದ್ದವು. ಎರಡನೆಯ ಮಹಾಯುದ್ಧದ ಕಾಲದ 'ಒಡಬ್ಲ್ಯು' ಲಾರಿಗಳ ಬಾನೆಟ್ ಚಪ್ಪಟೆಯಾಗಿ, ಕೋನಾಕಾರವಾಗಿತ್ತು.

ನೋಂದಣಿ ಫಲಕ

ಬ್ರಿಟನ್ನಿನಲ್ಲಿ ವರ್ಷಸೂಚಕ ಅಕ್ಷರ ಆರಂಭವಾದದ್ದು 1963ರಲ್ಲಿ. ಅದಕ್ಕೂ ಹಿಂದಿನ ಫಲಕಗಳ ಅಕ್ಷರಗಳು ನೋಂದಣಿಯಾದ ಸ್ಥಳವನ್ನು ಸೂಚಿಸುತ್ತವೆ. ಸೇನೆಯು ಮಾರಿದ ಲಾರಿಗಳು ಯುದ್ಧಾನಂತರ ನಾಗರಿಕ ನೋಂದಣಿ ಪಡೆದುದರಿಂದ, ನೋಂದಣಿಯ ವರ್ಷವನ್ನೇ ತಯಾರಿಕೆಯ ವರ್ಷವೆಂದು ಭಾವಿಸಲಾಗದು.

ವೀಲ್‌ಬೇಸ್

ಕ್ಯಾಬಿನ್ ಮತ್ತು ಸರಕಿನ ಭಾಗವನ್ನು ಬೇರೆ ಕಾರ್ಖಾನೆಗಳು ನಿರ್ಮಿಸುವುದುಂಟು. ಆದ್ದರಿಂದ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರವಾದ ವೀಲ್‌ಬೇಸ್ ಹೆಚ್ಚು ವಿಶ್ವಸನೀಯ. ಗಾಲಿಗಳು ಪೂರ್ಣ ವೃತ್ತವಾಗಿ ಕಾಣುವ ಪಾರ್ಶ್ವಚಿತ್ರದಲ್ಲಿ ಈ ಅಂತರವನ್ನು ಗಾಲಿಯ ವ್ಯಾಸದೊಂದಿಗೆ ಹೋಲಿಸಲಾಗುತ್ತದೆ. 'ಒ' ಶ್ರೇಣಿಯ ಗಿಡ್ಡ ಲಾರಿಯ ವೀಲ್‌ಬೇಸ್ 9 ಅಡಿ 3 ಅಂಗುಲ. ಉದ್ದನೆಯದರದು 13 ಅಡಿ 1 ಅಂಗುಲ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ 1:76 ಪ್ರಮಾಣದಲ್ಲಿ ಇವು ಕ್ರಮವಾಗಿ ಸುಮಾರು 37 ಮತ್ತು 52 ಮಿಲಿಮೀಟರ್ ಆಗುತ್ತವೆ.

ಎಚ್ಚರಿಕೆ

ಫಲಕದ ಅಕ್ಷರಗಳು ತಿರುಗುಮುರುಗಾಗಿ ಕಂಡರೆ ಚಿತ್ರವು ಮಗುಚಿ ಮುದ್ರಣವಾಗಿದೆ ಎಂದರ್ಥ. ಅಂತಹ ಚಿತ್ರವನ್ನು ಅನುಸರಿಸಿದರೆ ಸ್ಟಿಯರಿಂಗ್ ಚಕ್ರವೂ ಮಾದರಿಯಲ್ಲಿ ತಪ್ಪು ಬದಿಗೆ ಬರುತ್ತದೆ.