ಮರ ಒಣಗಿತೇ? ತಕ್ಕಡಿ ಹೇಳುತ್ತದೆ

ಮರ ಕಡೆಯುವ ಕೆಲಸಕ್ಕೆ ಇಳಿಯಬೇಕೆಂದಿರುವ ಗೆಳೆಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಯಾವ ಲೇತ್ ತಗೊಳ್ಳಲಿ?’ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವಿದೆ, ಮೊದಲ ಹಂತದಲ್ಲಿ 1 ಲಕ್ಷದವರೆಗೆ ಸಾಲವೂ ಇದೆ. ಆದರೆ ಮರ ಒಣಗಿಸಲು ಜಾಗ ಎಲ್ಲಿ, ಅದು ಒಣಗುವ ತನಕ ಸಾಲದ ಕಂತು ಕಟ್ಟುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಈ ಕಸುಬಿನಲ್ಲಿ ದುಡ್ಡು ಉಳಿಯುವುದೂ ಕಳೆಯುವುದೂ ಅಲ್ಲೇ.

ಹಾಸನದ ಸಾಮಿಲ್‌ಗಳಲ್ಲಿ ಕಾಫಿ ತೋಟದ ಸಿಲ್ವರ್ ಓಕ್ ಸಿಗುತ್ತದೆ. ನಮ್ಮ ಹೊಳೆನರಸೀಪುರದ ಹಳ್ಳಿಗಳಲ್ಲಿ ಹಲಸು ಸಿಗುತ್ತದೆ. ಹಸಿ ಮರ ಉಳಿಗೆ ಬೆಣ್ಣೆಯ ಹಾಗೆ. ಕುಂಕುಮ ಭರಣಿ ಕಡೆದರೆ ಮುಚ್ಚಳ ಸರಿಯಾಗಿ ಕೂರುತ್ತದೆ. ಒಣಗುತ್ತಾ ಬಂದಂತೆ ಬಾಯಿ ಮೊಟ್ಟೆಯಾಕಾರವಾಗಿ, ಮುಚ್ಚಳ ಒಳಗೂ ಹೋಗದು, ಹೊರಗೂ ಬಾರದು.

ಕಾರಣ ಸರಳ. ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅಡ್ಡಕ್ಕೆ ಕುಗ್ಗುತ್ತದೆ, ಅದೂ ಒಂದೇ ಸಮನಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಬಳೆಗಳ ಗುಂಟ ಕುಗ್ಗುವುದು ಸುಮಾರು ಎರಡು ಪಟ್ಟು. ತಿರುಳು ಒಳಗೇ ಉಳಿದ ದುಂಡು ತುಂಡು ಸೀಳುವುದೂ ಇದಕ್ಕೇ. ಇನ್ನೊಂದು ಮಾತು: ತೇವ ಸುಮಾರು ಶೇ 30ಕ್ಕೆ ಇಳಿಯುವವರೆಗೆ ಮರದ ಅಳತೆ ಬದಲಾಗುವುದಿಲ್ಲ, ತೂಕ ಮಾತ್ರ ಇಳಿಯುತ್ತದೆ. ಆದ್ದರಿಂದ ಟೇಪು ಹಿಡಿದು ಪ್ರಯೋಜನವಿಲ್ಲ, ತಕ್ಕಡಿ ಬೇಕು.

ನಾನು ಮಾಡುವುದು ಹೀಗೆ. ದಿಮ್ಮಿಯ ತುದಿ ಬೇಗ ಒಣಗುವುದರಿಂದ ಅದನ್ನು ಬಿಟ್ಟು, ನಡುವಿನಿಂದ ಒಂದು ಬಿಲ್ಲೆ ಕತ್ತರಿಸಿ ತಕ್ಷಣ ತೂಗುತ್ತೇನೆ: 150 ಗ್ರಾಂ ಎನ್ನಿ. ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿದರೆ 100 ಗ್ರಾಂ. ಹೋದದ್ದು 50, ಅದನ್ನು ಒಣತೂಕದಿಂದ ಭಾಗಿಸಿದರೆ ತೇವ ಶೇ 50. ಅದೇ ದಿಮ್ಮಿಯ 1,350 ಗ್ರಾಂ ತುಂಡಿನಲ್ಲಿ ಬರೀ ಮರ 900 ಗ್ರಾಂ. ತೇವ ಶೇ 12ಕ್ಕೆ ಬರಬೇಕಾದರೆ ತುಂಡು 1,008 ಗ್ರಾಂಗೆ ಇಳಿಯಬೇಕು. ಈ ಸಂಖ್ಯೆಯನ್ನು ತುಂಡಿನ ಮೇಲೇ ಪೆನ್ಸಿಲ್‌ನಲ್ಲಿ ಬರೆದು, ಎರಡೂ ತುದಿಗೆ ಮೇಣ ಬಳಿದು, ನೆರಳಿನಲ್ಲಿ ನಡುನಡುವೆ ಪಟ್ಟಿ ಕೊಟ್ಟು ಪೇರಿಸುತ್ತೇನೆ.

ಬೇಗ ಆಗಲೆಂದು ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಒಣಗಿ ಬಿರಿಯುತ್ತದೆ. ಅರಕಲಗೂಡು ಕಡೆಯ ತಂಬಾಕು ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬ್ಯಾರನ್‌ನಲ್ಲಿ ಕಾವನ್ನು ಹಂತಹಂತವಾಗಿ ಏರಿಸದಿದ್ದರೆ ಸೊಪ್ಪು ಕೆಡುತ್ತದೆಂದು ಅವರು ಬಲ್ಲರು.

ಚನ್ನಪಟ್ಟಣದವರು ಬಳಸುವ ಹಾಲೆ ಮರ ಹಗುರ, ಮೆದು. ಅದರ ಲೆಕ್ಕವನ್ನು ನಮ್ಮ ಹಲಸಿಗೆ ಹಾಕಲಾಗದು. ದೊಡ್ಡ ಬಟ್ಟಲಿಗಾದರೆ ಒಂದು ಉಪಾಯವಿದೆ: ಹಸಿಯಲ್ಲೇ ಒರಟಾಗಿ ಕಡೆದು, ಗೋಡೆಯನ್ನು ಅಗಲದ ಹತ್ತನೇ ಒಂದರಷ್ಟು ದಪ್ಪ ಬಿಟ್ಟು ಒಣಗಿಸುವುದು. ಸೊಟ್ಟಗಾದುದನ್ನು ಆಮೇಲೆ ಮತ್ತೆ ಕಡೆದು ದುಂಡಗೆ ಮಾಡಬಹುದು.

ಚನ್ನರಾಯಪಟ್ಟಣದ ಅಂಗಡಿಯವರೊಬ್ಬರು ದೀಪಾವಳಿಗೆ 40 ಭರಣಿ ಕೇಳಿದ್ದಾರೆ. ಮಳೆಗಾಲದಲ್ಲಿ ನನ್ನ ತುಂಡುಗಳ ತೂಕ ಇಳಿಯುವ ಬದಲು ತುಸು ಏರಿತ್ತು. ಸಂಕ್ರಾಂತಿಗೆ ಕೊಡುತ್ತೇನೆ ಎಂದಿದ್ದೇನೆ, ‘ನೋಡೋಣ’ ಎಂದರು. ಹೋದ ವರ್ಷ ಒಣಗಿಸಿದ್ದರಲ್ಲಿ ಉಳಿದ ಸಣ್ಣ ತುಂಡುಗಳು ಭರಣಿಗೆ ಸಾಲವು. ಸದ್ಯಕ್ಕೆ ಅವುಗಳಲ್ಲಿ ಲಟ್ಟಣಿಗೆ ಕಡೆಯುತ್ತಿದ್ದೇನೆ.